ರೀಲಿನ ಅಂಚಿನಲ್ಲಿ ಉಳಿದ ಕನ್ನಡ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದದ್ದು ವಿನಿಗರ್ ವಾಸನೆ. ಕಣ್ಣಲ್ಲಿ ನೀರು ತರಿಸುವಷ್ಟು ಹುಳಿ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಮಿಕ್ಸಿ ಜಾರು, ರೇಡಿಯೋ ಬಿಡಿಭಾಗ, ಬೀಗವಿಲ್ಲದ ಕೀಲಿಕೈಗಳ ನಡುವೆ ಆ ತಗಡಿನ ಡಬ್ಬಿ ಬಿದ್ದಿತ್ತು. ಒಳಗೆ 16 ಎಂಎಂ ಫಿಲ್ಮಿನ ಒಂದು ಸುರುಳಿ. ಮಾರುವವನಿಗೆ ಬೇಕಿದ್ದದ್ದು ಡಬ್ಬಿಯ ಬೆಲೆ ಮಾತ್ರ. ಒಳಗಿನದನ್ನು ಬೇಕಾದರೆ ಎಸೆದುಕೊಡುತ್ತೇನೆ ಅಂದ. ಬೇಡ ಮಾರಾಯ, ಹಾಗೇ ಕೊಡು ಅಂದೆ.

ಮನೆಗೆ ಬಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಪ್ಪು ಬಿಳುಪು. ಬಾವಿಯ ಹತ್ತಿರ ಒಬ್ಬ ಹೆಂಗಸು. ಮುಂದಿನ ಚೌಕದಲ್ಲೂ ಅದೇ ಹೆಂಗಸು, ಅದರ ಮುಂದಿನದರಲ್ಲೂ ಅವಳೇ, ಕೈ ಮಾತ್ರ ಒಂದು ಕೂದಲೆಳೆಯಷ್ಟು ಸರಿದಿದೆ. ಅಲ್ಲಿಂದ ಒಂದು ಮಗು, ಒಂದು ತಟ್ಟೆ, ತಟ್ಟೆಯ ಮೇಲೆ ನೊಣ. ಆರೋಗ್ಯದ ಪಾಠ ಹೇಳುವ ಸಾಕ್ಷ್ಯಚಿತ್ರ ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು. ಹಳ್ಳಿಗೆ ಪ್ರಚಾರದ ವ್ಯಾನು ಬಂದು, ಶಾಲೆಯ ಗೋಡೆಗೆ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದರಲ್ಲ, ಆ ಜಾತಿಯದು. ಮೊದಲಿನ ಒಂದಷ್ಟು ಅಡಿ ಹರಿದು ಹೋಗಿದೆ. ಹಾಗಾಗಿ ಹೆಸರು ಇಲ್ಲ, ಮಾಡಿದವರು ಯಾರು ಎಂದೂ ಇಲ್ಲ.

ಆ ಹೆಸರು ಹುಡುಕಲು ಹೊರಟಿದ್ದು. ಎರಡು ವರ್ಷವಾಯಿತು, ಹೆಸರು ಇನ್ನೂ ಸಿಕ್ಕಿಲ್ಲ. ಆದರೆ ಹುಡುಕುವ ದಾರಿಯಲ್ಲಿ ಸಿಕ್ಕಿದ್ದನ್ನು ಬರೆಯದೆ ಇರಲು ಆಗುತ್ತಿಲ್ಲ.

ಫಿಲ್ಮಿನ ಅಂಚೇ ಮೊದಲ ಸುಳಿವು ಕೊಟ್ಟಿತು. ಭೂತಗನ್ನಡಿ ಹಿಡಿದರೆ ಅಲ್ಲಲ್ಲಿ ಸಣ್ಣದಾಗಿ 'ಓರ್ವೊ' ಎಂದು ಅಚ್ಚಾಗಿರುವುದು ಕಾಣುತ್ತದೆ. ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಕಾರ್ಖಾನೆಯ ಫಿಲ್ಮ್ ಅದು. ಡಾಲರ್ ಕೊಡಬೇಕಿಲ್ಲ, ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿತ್ತು ಎಂಬ ಕಾರಣಕ್ಕೆ ನಮ್ಮಲ್ಲಿ ಅದು ಬಹಳ ಬಳಕೆಯಲ್ಲಿತ್ತು. ಆ ಕಾರ್ಖಾನೆ ತನ್ನ ಮಾಲಿಗೆ ಓರ್ವೊ ಎಂಬ ಹೆಸರಿಟ್ಟದ್ದು 1964ರಲ್ಲಿ. ಅಂದರೆ ನನ್ನ ಪ್ರಿಂಟು ಅದಕ್ಕಿಂತ ಹಿಂದಿನದಲ್ಲ. ಇನ್ನೊಂದು ಕಡೆ, ಹೆಂಗಸಿನ ಹಿಂದಿನ ಗೋಡೆಯ ಮೇಲೆ ತಲೆಕೆಳಗಾದ ತ್ರಿಕೋನ ಬರೆದಿದೆ. ಕಪ್ಪು ಬಿಳುಪಿನಲ್ಲಿ ಬೂದು ಬಣ್ಣ ಅಷ್ಟೆ, ಆದರೆ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ, ಅದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ನಮ್ಮ ಆಸ್ಪತ್ರೆ ಗೋಡೆಗಳ ಮೇಲೆ ಇರುತ್ತಿತ್ತಲ್ಲ, ಅದರ ಪಕ್ಕದ ಗುರುತು. ಅದು ಚಾಲ್ತಿಗೆ ಬಂದದ್ದು ಅರವತ್ತರ ದಶಕದ ಕೊನೆಗೆ. ಹೀಗೆ ಕಾಲ ಒಂದು ಅಂದಾಜಿಗೆ ಸಿಕ್ಕಿತು.

ಜಾಗ ಮಾತ್ರ ನಮ್ಮದಲ್ಲ. ಹೆಂಗಸರು ಉಟ್ಟಿರುವುದು ಕಚ್ಚೆ ಸೀರೆ. ಒಂದು ಅಂಗಡಿಯ ಬೋರ್ಡು ದೇವನಾಗರಿಯಲ್ಲಿದೆ. ಮಹಾರಾಷ್ಟ್ರದ ಯಾವುದೋ ಹಳ್ಳಿ ಇರಬೇಕು. ಹಾಗಾದರೆ ಮಾತು ಯಾವ ಭಾಷೆಯದು? ಮರಾಠಿಯೋ, ಹಿಂದಿಯೋ? ಅದಕ್ಕೆ ಉತ್ತರ ಸಿಕ್ಕಿದ್ದು ತುಂಬಾ ತಡವಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಚಿತ್ರ ಅಂದ ಮೇಲೆ ಮೊದಲು ಹುಡುಕಬೇಕಾದದ್ದು ಫಿಲ್ಮ್ಸ್ ಡಿವಿಷನ್ನಿನಲ್ಲಿ. 1948ರಲ್ಲಿ ಮುಂಬೈಯಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಪೆಡ್ಡರ್ ರಸ್ತೆಯಲ್ಲಿತ್ತು. ಥಿಯೇಟರಿನಲ್ಲಿ ಅಣ್ಣಾವ್ರ ಸಿನಿಮಾ ಶುರುವಾಗುವ ಮುಂಚೆ ಬರುತ್ತಿದ್ದ ನ್ಯೂಸ್ ರೀಲು ಇವರದೇ. ದೇಶದ ಪ್ರತಿ ಥಿಯೇಟರೂ ಅದನ್ನು ತೋರಿಸಲೇಬೇಕು ಎಂಬ ಕಾನೂನಿತ್ತು. ತೋರಿಸಿದ್ದಕ್ಕೆ ಬಾಡಿಗೆಯನ್ನೂ ಥಿಯೇಟರಿನವರೇ ಕಟ್ಟಬೇಕಿತ್ತು. ಜನ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದರು, ಕಡಲೆಕಾಯಿ ಕೊಳ್ಳುತ್ತಿದ್ದರು. 'ನ್ಯೂಸ್ ರೀಲ್ ಮುಗಿದ ಮೇಲೆ ಹೋದರಾಯ್ತು ಬಿಡು' ಎಂಬ ಮಾತು ನಮ್ಮ ಮನೆಯಲ್ಲೇ ಎಷ್ಟು ಸಲ ಕೇಳಿದ್ದೇನೋ. ಹೀಗೆ ಯಾರೂ ಆಸೆಪಟ್ಟು ನೋಡದ ಚಿತ್ರಗಳು ಒಟ್ಟು 8,000ಕ್ಕೂ ಹೆಚ್ಚು. ಈಗ ಆ ಸಂಸ್ಥೆ ಸರ್ಕಾರದ್ದೇ ಆದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಜೊತೆ ಸೇರಿಹೋಗಿದೆ. ಒಂದಷ್ಟು ಚಿತ್ರಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ.

ರಾತ್ರಿ ಊಟ ಆದ ಮೇಲೆ ಒಂದೊಂದೇ ನೋಡುತ್ತಾ ಹೋದೆ. ಅಣೆಕಟ್ಟು, ಗೊಬ್ಬರ, ಸಿಡುಬಿನ ಚುಚ್ಚುಮದ್ದು, ಖಾದಿ, ರೈಲ್ವೆ. ನನಗೆ ಬೇಕಾದ ನೊಣ ಮತ್ತು ಬಾವಿ ಇರುವ ಚಿತ್ರ ಇದಾ, ಇದಾ ಎಂದು ಓಡಿಸಿ ಓಡಿಸಿ ನೋಡುತ್ತಿದ್ದೆ. ಹಾಗೆ ಓಡಿಸುವಾಗ ಒಂದು ರಾತ್ರಿ ಎದುರಾದದ್ದು 'ಎಕ್ಸ್‌ಪ್ಲೋರರ್'. ಪ್ರಮೋದ್ ಪತಿ 1968ರಲ್ಲಿ ಮಾಡಿದ್ದು. ಸುಮಾರು ಏಳು ನಿಮಿಷ. ಅದರಲ್ಲಿ ಮಾತೇ ಇಲ್ಲ. ಕುಣಿಯುವ ಹುಡುಗ ಹುಡುಗಿಯರು, ಪ್ರಯೋಗಾಲಯದ ಯಂತ್ರಗಳು, ದೇವರ ಚಿತ್ರಗಳು, ಮುಖಗಳು, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಕೆಲವು ಶಾಟ್‌ಗಳು ಸೆಕೆಂಡಿನ ಒಂದು ಚೂರು ಅಷ್ಟೆ. ಕೊಳಲು ವಾದಕ ವಿಜಯ ರಾಘವ ರಾವ್ ಮಾಡಿದ ಸಂಗೀತ ಕಿವಿಯೊಳಗೆ ನುಗ್ಗುತ್ತದೆ. ಅದರಲ್ಲಿ ಮಂತ್ರವೂ ಇದೆ, ಯಂತ್ರದ ಕೀರಲೂ ಇದೆ. ನಾನು ಎದ್ದು ನೀರು ಕುಡಿದು ಬಂದು ಮತ್ತೆ ಮೊದಲಿನಿಂದ ನೋಡಿದೆ. ಇದನ್ನು ಸರ್ಕಾರ ಮಾಡಿಸಿತಾ? ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತವರಿಗೆ ಇದು ಕಂಡಾಗ ಹೇಗಿತ್ತು?

ಪತಿ ಒಡಿಶಾದವರು. ಪ್ರಾಗ್‌ಗೆ ಹೋಗಿ ಗೊಂಬೆ ಚಿತ್ರಗಳ ದೊಡ್ಡ ಹೆಸರು ಯಿರಿ ತ್ರ್‌ನ್ಕಾ ಅವರ ಬಳಿ ಕಲಿತು ಬಂದಿದ್ದರು. 1972ರ 'ಆಬಿದ್' ಚಿತ್ರದಲ್ಲಿ ಕಲಾವಿದ ಆಬಿದ್ ಸುರ್ತಿ ಅವರನ್ನೇ ಗೊಂಬೆಯ ಹಾಗೆ ಬಳಸಿದರು. ಮನುಷ್ಯನನ್ನು ನಿಲ್ಲಿಸಿ ಒಂದು ಫ್ರೇಮ್ ತೆಗೆಯುವುದು, ಒಂಚೂರು ಸರಿಸಿ ಇನ್ನೊಂದು ಫ್ರೇಮ್ ತೆಗೆಯುವುದು. ಇದಕ್ಕೆ ಪಿಕ್ಸಿಲೇಷನ್ ಅಂತಾರೆ. ಬಣ್ಣ ಬಳಿದ ಕೋಣೆಯಲ್ಲಿ ಆ ಮನುಷ್ಯ ನಡೆಯುವುದಿಲ್ಲ, ಜಾರುತ್ತಾನೆ. ಕುಟುಂಬ ಯೋಜನೆಗೂ ಪತಿ ಇದೇ ಉಪಾಯ ಬಳಸಿ 'ಕ್ಲಾಕ್ಸ್‌ಪ್ಲೋಷನ್' ಎಂಬ ಚಿತ್ರ ಮಾಡಿದರು. 1975ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 45 ತುಂಬಿರಲಿಲ್ಲ.

ಇದಕ್ಕೆಲ್ಲ ಬಾಗಿಲು ತೆರೆದವರು ಜೀನ್ ಭಾವನಗರಿ. ಪ್ಯಾರಿಸ್ಸಿನ ಯುನೆಸ್ಕೋದಲ್ಲಿ ಇದ್ದವರು, ಅರವತ್ತರ ದಶಕದ ಮಧ್ಯದಲ್ಲಿ ಫಿಲ್ಮ್ಸ್ ಡಿವಿಷನ್ನಿಗೆ ಮತ್ತೆ ಬಂದರು. ಹೊಸಬರಿಗೆ ಬೇಕಾದ್ದು ಮಾಡಿ ಅಂತ ಧೈರ್ಯ ಕೊಟ್ಟರು. ಚಿತ್ರಕಲಾವಿದ ಎಂ.ಎಫ್. ಹುಸೇನ್ ಕೈಗೂ ಕ್ಯಾಮೆರಾ ಸಿಕ್ಕಿತು. ರಾಜಸ್ಥಾನದಲ್ಲಿ ಅವರು ತೆಗೆದ ಕಿರುಚಿತ್ರಕ್ಕೆ 1967ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಬಂತು. ಅದೇ ವರ್ಷ ಎಸ್.ಎನ್.ಎಸ್. ಶಾಸ್ತ್ರಿ 'ಐ ಆ್ಯಮ್ 20' ಮಾಡಿದರು. ಸ್ವಾತಂತ್ರ್ಯದ ಜೊತೆ ಹುಟ್ಟಿ ಇಪ್ಪತ್ತು ತುಂಬಿದ ಯುವಕ ಯುವತಿಯರನ್ನು ಹುಡುಕಿ, ಈ ದೇಶದ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳುವ ಚಿತ್ರ. ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಸಿಟ್ಟು, ಮತ್ತೊಬ್ಬರಿಗೆ ಏನೂ ಅನ್ನಿಸುವುದೇ ಇಲ್ಲ. ಸರ್ಕಾರದ ದುಡ್ಡಿನಲ್ಲಿ ಸರ್ಕಾರದ ಮೇಲಿನ ಬೇಸರವನ್ನೂ ಹಾಗೇ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಈ ದೇಶದಲ್ಲಿ ತಯಾರಾದ ಒಳ್ಳೆಯ ಚಿತ್ರಗಳಲ್ಲಿ ಅದೂ ಒಂದು. ಹತ್ತು ಸಲ ನೋಡಿದ್ದೇನೆ.

ಅಮೆರಿಕದಲ್ಲೂ ಇಂಥದ್ದೇ ಒಂದು ಕಥೆ ಇದೆ. ಶಾಲೆಗಳಿಗೆ ವಿಡಿಯೋ ಬಂದ ಮೇಲೆ 16 ಎಂಎಂ ಪಾಠದ ಚಿತ್ರಗಳನ್ನು ಕಸಕ್ಕೆ ಹಾಕತೊಡಗಿದರು. ರಿಕ್ ಪ್ರೆಲಿಂಗರ್ ಎಂಬುವರು ಎಂಬತ್ತರ ದಶಕದ ಶುರುವಿನಿಂದ ಅವನ್ನು ಕೂಡಿಡುತ್ತಾ ಬಂದರು. 2002ರಲ್ಲಿ ಆ ಸಂಗ್ರಹ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಸಾವಿರಾರು ಚಿತ್ರಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಊಟದ ಮೇಜಿನ ಮೇಲೆ ಅಪ್ಪನ ಎದುರು ಹೇಗೆ ಮಾತಾಡಬೇಕು ಎಂದು ಕಲಿಸುವ ಚಿತ್ರವೂ ಅಲ್ಲಿದೆ. ಅಣುಬಾಂಬ್ ಬಿದ್ದರೆ ಮೇಜಿನ ಕೆಳಗೆ ಅಡಗಿಕೊಳ್ಳಿ ಎಂದು ಬರ್ಟ್ ಎಂಬ ಆಮೆ ಮಕ್ಕಳಿಗೆ ಹೇಳಿಕೊಡುವ 'ಡಕ್ ಆ್ಯಂಡ್ ಕವರ್' ಕೂಡ ಇದೆ. ಅದನ್ನು ನೋಡಿ ನಗುವವರು ಬಹಳ. ನನಗೆ ನಗು ಬರಲಿಲ್ಲ. ಆ ಮಕ್ಕಳು ಮೇಜಿನ ಕೆಳಗೆ ನುಸುಳುವಾಗ ಒಂದು ಹುಡುಗಿ ತನ್ನ ಲಂಗ ಸರಿಮಾಡಿಕೊಂಡಿದ್ದರೆ, ಅಥವಾ ಯಾರೋ ಕ್ಯಾಮೆರಾ ಕಡೆ ಕದ್ದು ನೋಡಿದ್ದರೆ ಎಂದು ಅದನ್ನೇ ಹುಡುಕುತ್ತಾ ಕೂತಿದ್ದೆ. ಪಾಠ ಹೇಳುವವರ ಕಣ್ಣು ತಪ್ಪಿಸಿ ಒಳಗೆ ಬಂದದ್ದು ನನಗೆ ಬೇಕು.

ಇಷ್ಟೆಲ್ಲ ನೋಡಿದ ಮೇಲೆ ಒಂದು ವಿಷಯ ಚುಚ್ಚತೊಡಗಿತು. ನಾನು ನೋಡುತ್ತಿದ್ದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಇಲ್ಲವೇ ಹಿಂದಿಯಲ್ಲಿ. ಆದರೆ ನಮ್ಮಜ್ಜ ಟೂರಿಂಗ್ ಟಾಕೀಸಿನಲ್ಲಿ ನೋಡಿದ್ದು ಇಂಗ್ಲಿಷ್ ಚಿತ್ರವಲ್ಲ. ಫಿಲ್ಮ್ಸ್ ಡಿವಿಷನ್ ತನ್ನ ಚಿತ್ರಗಳನ್ನು 12ಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಡಿಸುತ್ತಿತ್ತು. ಅದರಲ್ಲಿ ಕನ್ನಡವೂ ಒಂದು. ಇಂಗ್ಲಿಷಿಗೆ ದನಿ ಕೊಟ್ಟ ಪ್ರತಾಪ್ ಶರ್ಮಾ, ಝುಲ್ ವೆಲ್ಲಾನಿ ಇವರ ಹೆಸರುಗಳನ್ನು ಜನ ಇವತ್ತಿಗೂ ಹೇಳುತ್ತಾರೆ. ಕನ್ನಡಕ್ಕೆ ದನಿ ಕೊಟ್ಟವರು ಯಾರು? ನಾನು ಕೇಳಿದ ಹತ್ತಾರು ಜನರಲ್ಲಿ ಒಬ್ಬರಿಗೂ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಒಂದು ಕಚೇರಿಗೆ ಫೋನ್ ಮಾಡಿ ಕನ್ನಡ ಪ್ರಿಂಟುಗಳ ಬಗ್ಗೆ ವಿಚಾರಿಸಿದೆ. ಚಿತ್ರ ಅದೇ ಅಲ್ವಾ, ಭಾಷೆ ಯಾವುದಾದರೇನು ಅಂದರು ಆ ಕಡೆಯವರು.

ಚಿತ್ರ ಅದೇ ಇರಬಹುದು. ದನಿ ಅದೇ ಅಲ್ಲ. ಕೇಳಿದವರ ತಲೆಯಲ್ಲಿ ಉಳಿದದ್ದು ದನಿ.

ಇದನ್ನು ದೊಡ್ಡಮ್ಮನಿಂದ ತಿಳಿದೆ. ಅವರು ರಾಯಚೂರು ಜಿಲ್ಲೆಯ ಹಳ್ಳಿಯವರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅವರ ಊರಿಗೆ ಟೀವಿ ಬಂದಿತ್ತು. ಬೆಂಗಳೂರಿನಲ್ಲೇ ಇನ್ನೂ ಟೀವಿ ಇಲ್ಲದ ಕಾಲ ಅದು. ನಾಸಾದ ಎಟಿಎಸ್-6 ಉಪಗ್ರಹವನ್ನು ಇಸ್ರೋ ಒಂದು ವರ್ಷಕ್ಕೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಪಾಠ ಕಳಿಸಿತು. ಸೈಟ್ ಅಂತ ಅದರ ಹೆಸರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಬಂತು. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ, ಪಕ್ಕದಲ್ಲೊಂದು ಟೀವಿ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ತೆಲುಗು ಮತ್ತು ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಆ ಉಪಗ್ರಹದಿಂದ ಚಿತ್ರ ಒಂದೇ ಬರುತ್ತಿತ್ತು, ಜೊತೆಗೆ ದನಿಗೆ ಎರಡು ದಾರಿ ಇತ್ತು. ಅದೇ ಚಿತ್ರಕ್ಕೆ ಎರಡು ಭಾಷೆ ಕೂರಿಸಬಹುದಿತ್ತು.

ದೊಡ್ಡಮ್ಮನಿಗೆ ಏನು ನೋಡಿದಿರಿ ಎಂದು ಕೇಳಿದೆ. ಬೆಳೆ, ಕೋಳಿ, ಯಾವುದೋ ಕುಣಿತ ಅಂದರು. ಅದಕ್ಕಿಂತ ಹೆಚ್ಚು ನೆನಪಿಲ್ಲ. ಆದರೆ ದನಿಯ ಬಗ್ಗೆ ಕೇಳಿದಾಗ ಮುಖ ಅರಳಿತು. 'ಟೀವಿಯಾಗಿನ ಕನ್ನಡ ನಮಗ ಅರ್ಧ ತಿಳೀತಿತ್ತು, ಅರ್ಧ ಇಲ್ಲ. ಆದ್ರೂ ಭಾಳ ಚಂದ ಮಾತಾಡ್ತಿದ್ಲು ಆಕಿ' ಅಂದರು. ಅಷ್ಟು ಹೇಳಿ, ಆ ಹೆಂಗಸು ನಮಸ್ಕಾರ ಹೇಳುತ್ತಿದ್ದ ಧಾಟಿಯನ್ನು ಹಾಗೇ ಹೇಳಿ ತೋರಿಸಿದರು. ಸ್ವಲ್ಪ ಎಳೆದು, ಕೊನೆಯಲ್ಲಿ ಏರಿಸಿ. ಸುಮಾರು ಐವತ್ತು ವರ್ಷ ಆದಮೇಲೂ. 1976ರ ಜುಲೈ 31ಕ್ಕೆ ಅದು ನಿಂತಿತು, ಉಪಗ್ರಹ ವಾಪಸ್ ಹೋಯಿತು. ಪೆಟ್ಟಿಗೆ ಸುಮ್ನೆ ಅಲ್ಲೇ ಇತ್ತಂತೆ. ಮಕ್ಕಳು ಕೆಲವು ದಿನ ಬಂದು ಕೂತು ಎದ್ದು ಹೋಗುತ್ತಿದ್ದರಂತೆ.

ಅವತ್ತು ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸಾಗುವಾಗ ನನ್ನ ಡಬ್ಬಿ ನೆನಪಾಯಿತು. ಅದರ ಚಿತ್ರ ನೋಡಿದ್ದೆ. ದನಿ ಕೇಳಿರಲಿಲ್ಲ.

ದನಿ ಅದರಲ್ಲೇ ಇದೆ. 16 ಎಂಎಂ ಪ್ರಿಂಟಿನಲ್ಲಿ ಒಂದು ಬದಿಗೆ ಮಾತ್ರ ತೂತುಗಳು. ಇನ್ನೊಂದು ಬದಿಯಲ್ಲಿ ಉದ್ದಕ್ಕೂ ಒಂದು ಬಿಳಿ ಅಲೆ ಓಡುತ್ತದೆ, ಇಳಕಲ್ ಸೀರೆಯ ಅಂಚಿನ ಹಾಗೆ ಮೊನಚು ಮೊನಚಾಗಿ. ಅದೇ ದನಿ. ಜೋರಾಗಿ ಮಾತಾಡಿದ ಕಡೆ ಅಲೆ ಅಗಲ, ಮೌನ ಇದ್ದ ಕಡೆ ಒಂದು ತೆಳು ಗೆರೆ. ಪ್ರೊಜೆಕ್ಟರಿನ ಒಂದು ಸಣ್ಣ ದೀಪದ ಬೆಳಕು ಅದರ ಮೂಲಕ ಹಾಯುವಾಗ ಹೆಚ್ಚು ಕಡಿಮೆ ಆಗುತ್ತದೆ, ಅದು ಶಬ್ದವಾಗುತ್ತದೆ. ಇನ್ನೊಂದು ಸೊಗಸು ಇದೆ. ದನಿ ತನ್ನ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ. 26 ಫ್ರೇಮ್ ಮುಂದೆ ಇರುತ್ತದೆ. ಚಿತ್ರ ಪರದೆಗೆ ಹೋಗುವಾಗ ಫಿಲ್ಮ್ ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗಬೇಕು. ದನಿಗೆ ನಿಲ್ಲುವ ಹಾಗಿಲ್ಲ, ಎಣ್ಣೆ ಸುರಿದ ಹಾಗೆ ಒಂದೇ ಸಮನೆ ಹೋಗಬೇಕು. ಅದಕ್ಕೇ ಎರಡಕ್ಕೂ ಬೇರೆ ಬೇರೆ ಜಾಗ. ನೊಣದ ಚಿತ್ರದ ಪಕ್ಕದಲ್ಲಿ ಇರುವುದು ನೊಣದ ಮಾತಲ್ಲ, ಒಂದು ಸೆಕೆಂಡಿಗೂ ಸ್ವಲ್ಪ ಹೆಚ್ಚು ಹೊತ್ತಿನ ಮೇಲೆ ಬರಲಿರುವ ಚಿತ್ರದ ಮಾತು. ಭಾಷೆ ಬದಲಾದರೆ ಈ ಅಂಚು ಮಾತ್ರ ಬದಲಾಗುತ್ತಿತ್ತು. ಹನ್ನೆರಡು ಭಾಷೆಗೆ ಹನ್ನೆರಡು ಅಂಚು. ಚಿತ್ರಕ್ಕೆ ಒಂದು ಪ್ರಿಂಟು ಉಳಿಸಿದರೆ ಸಾಕು ಎಂದು ಯಾರಾದರೂ ತೀರ್ಮಾನ ಮಾಡಿದರೆ, ಆ ಒಂದನ್ನು ಬಿಟ್ಟು ಉಳಿದ ಹನ್ನೊಂದು ಹೋದ ಹಾಗೆ.

ಪ್ರೊಜೆಕ್ಟರಿಗೆ ಹಾಕುವಂತಿರಲಿಲ್ಲ. ವಿನಿಗರ್ ವಾಸನೆ ಬಂತು ಅಂದರೆ ಫಿಲ್ಮಿನ ಅಸಿಟೇಟ್ ಕರಗಿ ಆಮ್ಲ ಹೊರಬರುತ್ತಿದೆ ಎಂದರ್ಥ. ಸೆಕೆ, ತೇವ ಎರಡೂ ಇದ್ದರೆ ಬೇಗ ಆಗುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ, ತಣ್ಣಗೆ ಇಟ್ಟು ನಿಧಾನ ಮಾಡಬಹುದು ಅಷ್ಟೆ. ನನ್ನ ರೀಲು ಆಗಲೇ ಕುಗ್ಗಿತ್ತು, ಅಂಚು ಅಲೆಅಲೆಯಾಗಿ ಮಡಿಚಿತ್ತು. ಹಲ್ಲುಚಕ್ರಕ್ಕೆ ಸಿಕ್ಕಿಸಿದರೆ ಹರಿದೇ ಹೋಗುತ್ತಿತ್ತು.

ಫಿಲ್ಮಿನ ಅಂಚಿನ ಚಿತ್ರದಿಂದಲೇ ಶಬ್ದ ತೆಗೆಯುವ ಸಾಫ್ಟ್‌ವೇರ್ ಇದೆ ಎಂದು ಆಗ ಗೊತ್ತಾಯಿತು. ಅಮೆರಿಕದ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಮಾಡಿದ ಎಇಒ-ಲೈಟ್ ಅಂಥದ್ದೇ. ಅದಕ್ಕೆ ಸರಿಯಾದ ಫಿಲ್ಮ್ ಸ್ಕ್ಯಾನರ್ ಬೇಕು, ನನ್ನ ಹತ್ತಿರ ಇದ್ದದ್ದು ಹಳೇ ನೆಗೆಟಿವ್ ಫೋಟೋ ತೆಗೆಯುವ ಮೇಜಿನ ಸ್ಕ್ಯಾನರ್. ಗೆಳೆಯನೊಬ್ಬ ಪ್ರೋಗ್ರಾಮ್ ಬರೆಯುವವನು. ಲೆಕ್ಕ ಹಾಕಿದೆವು. 16 ಎಂಎಂ ಫಿಲ್ಮ್ ಸೆಕೆಂಡಿಗೆ 7.2 ಇಂಚು ಓಡುತ್ತದೆ. ಸ್ಕ್ಯಾನರಿನ ಕಿಂಡಿ ಒಂಬತ್ತು ಇಂಚು. ಅಂದರೆ ಒಂದು ಸಲಕ್ಕೆ ಒಂದೂಕಾಲು ಸೆಕೆಂಡ್ ದನಿ. ಇಂಚಿಗೆ 2,400 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸೆಕೆಂಡಿಗೆ 17,000ಕ್ಕೂ ಹೆಚ್ಚು ಚುಕ್ಕೆ. ಮಾತು ತಿಳಿಯಲು ಧಾರಾಳವಾಗಿ ಸಾಕು.

ಎರಡು ಶನಿವಾರ, ಎರಡು ಭಾನುವಾರ. ಬಿಳಿ ಹತ್ತಿ ಗ್ಲೌಸು ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಒಂಬತ್ತು ಇಂಚು ಬಿಡಿಸಿ ಗಾಜಿನ ಮೇಲೆ ಚಪ್ಪಟೆ ಮಾಡುವುದು, ಸ್ಕ್ಯಾನ್, ಮತ್ತೆ ಒಂದೆರಡು ಫ್ರೇಮ್ ಹಿಂದೆ ಸರಿಸಿ ಮುಂದಿನ ಒಂಬತ್ತು ಇಂಚು. ಅರವತ್ತು ಸಲ ಮಾಡಿದೆವು. ಗೆಳೆಯ ಅವನ್ನು ಒಂದಕ್ಕೊಂದು ಹೊಲಿದ. ಬಿಳಿಯ ಅಗಲವನ್ನು ಅಳೆದು ಶಬ್ದ ಮಾಡುವ ಪುಟ್ಟ ಪ್ರೋಗ್ರಾಮ್ ಬರೆದ. ಭಾನುವಾರ ಸಂಜೆ ಏಳರ ಹೊತ್ತಿಗೆ ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಆಡಿಯೋ ಸಿದ್ಧವಾಯಿತು.

ಮೊದಲು ಬಾಣಲೆಯಲ್ಲಿ ಎಣ್ಣೆ ಸಿಡಿಯುವಂಥ ಸದ್ದು. ಅದರ ಹಿಂದೆ ಒಂದು ಕೊಳಲು. ಆಮೇಲೆ ಒಬ್ಬ ಗಂಡಸಿನ ದನಿ ಬಂತು. ಕನ್ನಡ!

ನಾವಿಬ್ಬರೂ ಮಾತಾಡಲಿಲ್ಲ. ಆ ದನಿ ನಮ್ಮ ಊರಿನ ಬಾವಿ ಎನ್ನುತ್ತದೆ. ಚಿತ್ರದಲ್ಲಿ ಇರುವುದು ಕಚ್ಚೆ ಸೀರೆಯ ಮಹಾರಾಷ್ಟ್ರದ ಬಾವಿ. ಆದರೂ 'ನಮ್ಮ' ಅನ್ನುವಾಗ ಆ ಮನುಷ್ಯನ ದನಿಯಲ್ಲಿ ಸಂಶಯವೇ ಇಲ್ಲ. ಚಿಕ್ಕನಾಯಕನಹಳ್ಳಿಯಲ್ಲೋ ಸಿಂಧನೂರಲ್ಲೋ ಪರದೆಯ ಮುಂದೆ ಕೂತವರು ಅದನ್ನು ತಮ್ಮ ಊರೆಂದೇ ನೋಡಿರಬಹುದು. ಭಾಷೆ ಪುಸ್ತಕದ ಕನ್ನಡ. ನೊಣವು, ರೋಗವನ್ನು, ಹರಡುತ್ತದೆ, ಎಲ್ಲ ಪೂರ್ತಿ ಪೂರ್ತಿ. ಒಂದು ಸ್ವರವನ್ನೂ ನುಂಗುವುದಿಲ್ಲ. ಕೇಳುತ್ತಾ ಕೇಳುತ್ತಾ ನನಗೆ ಕರಾವಳಿಯ ಕಡೆಯವರು ಅನ್ನಿಸಿತು. ಈ ಚಿತ್ರಗಳು ಸಿದ್ಧವಾಗುತ್ತಿದ್ದದ್ದು ಮುಂಬೈಯಲ್ಲಿ. ಅಲ್ಲಿ ಆಗಲೇ ಉಡುಪಿ, ಮಂಗಳೂರು ಕಡೆಯ ಎಷ್ಟೋ ಕನ್ನಡಿಗರು ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ರಾತ್ರಿ ಶಾಲೆಗಳಲ್ಲಿ ಇದ್ದರು. ಅವರಲ್ಲೊಬ್ಬರು ಕೆಲಸ ಮುಗಿಸಿ ಪೆಡ್ಡರ್ ರಸ್ತೆಗೆ ಹೋಗಿ ಮೈಕಿನ ಮುಂದೆ ಇದನ್ನು ಓದಿ, ಲೋಕಲ್ ಟ್ರೇನ್ ಹಿಡಿದು ಮನೆಗೆ ಹೋಗಿರಬಹುದು. ಇದು ನನ್ನ ಊಹೆ. ಆದರೆ ಬಿಡಲು ಮನಸ್ಸಿಲ್ಲ.

ನಲವತ್ತನೇ ಸೆಕೆಂಡಿನ ಹತ್ತಿರ ಅವರು ಒಮ್ಮೆ ನಿಲ್ಲುತ್ತಾರೆ. ಕೊಳಲೂ ಇಲ್ಲ. ಉಸಿರು ಒಳಗೆ ಎಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ, ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂದು ಮಗುವಿಗೆ ಹೇಳಿದ ಹಾಗೆ ಮೆತ್ತಗೆ ಹೇಳುತ್ತಾರೆ. ಅದೊಂದು ವಾಕ್ಯಕ್ಕೆ ಮಾತ್ರ ದನಿ ತಗ್ಗಿಸಿದ್ದಾರೆ. ಸ್ಕ್ಯಾನರಿನ ಗಾಜಿನ ಮೇಲೆ ಆ ಜಾಗವನ್ನು ನಾನೇ ಇಟ್ಟಿದ್ದೆ. ಅಲೆ ಸಣ್ಣದಾಗಿ, ಗೆರೆಗೆ ಹತ್ತಿರವಾಗಿ ಹೋಗುವುದನ್ನು ನೋಡಿದ್ದೆ, ಅಲ್ಲಿ ಫಿಲ್ಮ್ ಹಾಳಾಗಿದೆ ಅಂದುಕೊಂಡಿದ್ದೆ.

ಇನ್ನೂ ಎಂಟು ನಿಮಿಷದಷ್ಟು ರೀಲು ಬಾಕಿ ಇದೆ. ಡಬ್ಬಿ ಈಗ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕೂತಿದೆ. ಮಳೆಗಾಲ ಮುಗಿಯುವ ಮುಂಚೆ ಮುಗಿಸಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ, ವಾರ್ತಾ ಇಲಾಖೆಯಲ್ಲೋ ಆರೋಗ್ಯ ಇಲಾಖೆಯಲ್ಲೋ ಇದ್ದ ಅಜ್ಜನ ಪೆಟ್ಟಿಗೆಯಲ್ಲಿ, ಊರಿನ ಹಳೇ ಶಾಲೆಯ ಬೀರುವಿನಲ್ಲಿ ಇಂಥ ಡಬ್ಬಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಬೇರೆ ಡಬ್ಬಿಗಳಿಂದ ದೂರ, ತಣ್ಣನೆಯ ಒಣ ಜಾಗದಲ್ಲಿಡಿ. ಮುಂಬೈಯಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ, ಸಂಜೆ ಹೊತ್ತು ಫಿಲ್ಮ್ಸ್ ಡಿವಿಷನ್ನಿಗೆ ಹೋಗಿ ಕನ್ನಡ ಓದಿ ಬರುತ್ತಿದ್ದ ಅಪ್ಪನೋ ಮಾವನೋ ನಿಮ್ಮ ಮನೆಯಲ್ಲಿ ಇದ್ದರಾ ಎಂದು ದೊಡ್ಡವರನ್ನು ಒಮ್ಮೆ ಕೇಳಿ. ಅವರ ದನಿ ಒಂದು ನಿಮಿಷದಷ್ಟು ನನ್ನ ಹತ್ತಿರ ಇರಬಹುದು.